ಕೆಂಪು ಗುರುತು ಬಿದ್ದ ಪ್ರೋಟೀನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ತಿಂಗಳು ಇದೇ ಅಂಕಣದಲ್ಲಿ ಮಲ್ಟಿಪಲ್ ಮೈಲೋಮ ಅನ್ನುವ ರಕ್ತದ ಕ್ಯಾನ್ಸರ್ ಬಗ್ಗೆ ಬರೆದಿದ್ದೆ. ಅದರಲ್ಲಿ ಯುಬಿಕ್ವಿಟಿನ್ ಅನ್ನುವ ಪದ ಒಂದೇ ಒಂದು ಸಲ ಬಂದಿತ್ತು. ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದನ್ನೇ ಕೇಳಿವೆ. ಹಾಗಾಗಿ ಈ ಸಲದ ಜಾಗವೆಲ್ಲ ಅದಕ್ಕೇ. ಕಾಯಿಲೆಯ ವಿಷಯ ಇರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಯುಬಿಕ್ವಿಟಿನ್ ಅಂದರೆ ಏನು? ಜೀವಕೋಶ ಇಷ್ಟು ಕಷ್ಟಪಟ್ಟು ಪ್ರೋಟೀನ್ ತಯಾರಿಸಿ ಮತ್ತೆ ಅದನ್ನೇ ಯಾಕೆ ಚೂರು ಮಾಡುತ್ತದೆ? ನಮ್ಮ ಪಠ್ಯದಲ್ಲಿ ತಯಾರಿಸುವುದಕ್ಕೆ ಮೂರು ಅಧ್ಯಾಯ ಇದೆ, ಚೂರು ಮಾಡುವುದಕ್ಕೆ ಅರ್ಧ ಪುಟ. (ಬಿ.ಎಸ್‌ಸಿ. ವಿದ್ಯಾರ್ಥಿ, ತುಮಕೂರು)

ನಿಮ್ಮ ಪಠ್ಯಪುಸ್ತಕದ್ದು ಮಾತ್ರವಲ್ಲ ಈ ಕತೆ. ವಿಜ್ಞಾನಿಗಳೇ ಬಹಳ ವರ್ಷ ಹಾಗೇ ಇದ್ದರು. ಪ್ರೋಟೀನ್ ಹೇಗೆ ತಯಾರಾಗುತ್ತದೆ ಅಂತ ಎಲ್ಲರೂ ಹುಡುಕುತ್ತಿದ್ದಾಗ, ಅದು ಹೇಗೆ ಹೋಗುತ್ತದೆ ಅಂತ ಕೇಳಿದವರು ಬೆರಳೆಣಿಕೆಯಷ್ಟು ಮಂದಿ.

1930ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರುಡಾಲ್ಫ್ ಶೋನ್‌ಹೈಮರ್ ಒಂದು ಪ್ರಯೋಗ ಮಾಡಿದರು. ಮಾಮೂಲಿಗಿಂತ ಭಾರವಾದ, ಹಾಗಾಗಿ ಎಲ್ಲಿ ಹೋಯಿತು ಅಂತ ಗುರುತಿಸಬಹುದಾದ ನೈಟ್ರೋಜನ್ ಇರುವ ಅಮೈನೋ ಆಮ್ಲವನ್ನು (ಪ್ರೋಟೀನ್ ಕಟ್ಟುವ ಇಟ್ಟಿಗೆ ಅದು) ಬೆಳೆದ ಇಲಿಗಳಿಗೆ ತಿನ್ನಿಸಿದರು. ಆಗಿನ ನಂಬಿಕೆ ಏನೆಂದರೆ, ಬೆಳೆದ ದೇಹ ಕಟ್ಟಿ ಮುಗಿಸಿದ ಮನೆ ಇದ್ದ ಹಾಗೆ, ತಿಂದದ್ದು ಬರೀ ಒಲೆಗೆ ಸೌದೆ, ಉರಿದು ಮೂತ್ರದಲ್ಲಿ ಹೋಗುತ್ತದೆ ಅಂತ. ಆದರೆ ಆ ನೈಟ್ರೋಜನ್‌ನ ದೊಡ್ಡ ಪಾಲು ಇಲಿಯ ಮೈಯ ಪ್ರೋಟೀನಿನಲ್ಲೇ ಸೇರಿಕೊಂಡಿತ್ತು. ಇಲಿಯ ತೂಕ ಮಾತ್ರ ಹೆಚ್ಚಿರಲಿಲ್ಲ. ಅಂದರೆ ಹೊಸತು ಬಂದಷ್ಟೇ ಹಳತು ಹೋಗಿದೆ, ಅಲ್ವಾ? ಮನೆ ನಿಂತಿರುವಾಗಲೇ ಅದರ ಇಟ್ಟಿಗೆ ಬದಲಾಗುತ್ತಾ ಇರುತ್ತದೆ.

ಒಂದೊಂದು ಪ್ರೋಟೀನಿನ ಆಯಸ್ಸೂ ಬೇರೆ. ಹೀಮೋಗ್ಲೋಬಿನ್ ಕೆಂಪು ರಕ್ತಕಣದ ಜೊತೆ ಸುಮಾರು 120 ದಿನ ಇರುತ್ತದೆ. ಕಣ್ಣಿನ ಮಸೂರದ ಪ್ರೋಟೀನ್ ಹುಟ್ಟಿದಾಗಿನಿಂದ ಸಾಯುವ ತನಕ ಅದೇ. ಪಿ53 ಅನ್ನುವ ಪ್ರೋಟೀನ್ (ಇದರ ಹೆಸರು ನೆನಪಿಡಿ, ಮುಂದೆ ಬರುತ್ತದೆ) ಆರೋಗ್ಯದ ಕೋಶದಲ್ಲಿ ಸುಮಾರು 20 ನಿಮಿಷಕ್ಕೆ ಅರ್ಧವಾಗುತ್ತದೆ. ಕೋಶ ಎರಡಾಗಲು ಹೇಳುವ ಪ್ರೋಟೀನ್ ಹೇಳಿ ಮುಗಿದ ಮೇಲೂ ಉಳಿದರೆ ಕೋಶ ಎರಡಾಗುತ್ತಲೇ ಇರುತ್ತದೆ. ಹಾಗಾಗಿ ಚೂರು ಮಾಡುವುದು ಬರೀ ಕಸ ಗುಡಿಸುವ ಕೆಲಸವಲ್ಲ. ಸ್ವಿಚ್ ಆರಿಸುವ ಕೆಲಸವೂ ಹೌದು.

ಈಗ ಯುಬಿಕ್ವಿಟಿನ್‌ಗೆ ಬರೋಣ. ರಸ್ತೆ ಅಗಲ ಮಾಡುವ ಮುಂಚೆ ಸಾಲುಮರಗಳ ತೊಗಟೆ ಕೆರೆದು ಕೆಂಪು ಬಣ್ಣದಲ್ಲಿ ನಂಬರ್ ಬರೆದಿರುವುದನ್ನು ನೀವು ನೋಡಿರುತ್ತೀರಿ. ಯುಬಿಕ್ವಿಟಿನ್ ಅಂಥ ಗುರುತು. ಅದೂ ಒಂದು ಪುಟ್ಟ ಪ್ರೋಟೀನೇ, 76 ಅಮೈನೋ ಆಮ್ಲಗಳದ್ದು. ಯಾವ ಪ್ರೋಟೀನ್ ಹೋಗಬೇಕೋ ಅದಕ್ಕೆ ಇದು ಅಂಟಿಕೊಳ್ಳುತ್ತದೆ. ಒಂದು ಅಂಟಿದರೆ ಸಾಮಾನ್ಯವಾಗಿ ಸಾಲದು. ಒಂದರ ಮೇಲೊಂದು ನಾಲ್ಕಾದರೂ ಸರಪಳಿಯಾಗಿ ಸೇರಬೇಕು. ಆಗ ಅದನ್ನು ಪ್ರೋಟಿಯಾಸೋಮ್ ಅನ್ನುವ ಯಂತ್ರ ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸಾಮಿಲ್. ಏಳೇಳು ತುಂಡಿನ ನಾಲ್ಕು ಬಳೆ ಪೇರಿಸಿದ ಪೀಪಾಯಿ ಅಂದುಕೊಳ್ಳಿ, ಕತ್ತಿಗಳೆಲ್ಲ ಒಳಗೆ. ಸಾಮಿಲ್‌ಗೆ ಯಾವ ಮರ ಅಂತ ಗೊತ್ತಿರುವುದಿಲ್ಲ, ಗುರುತು ಇದ್ದದ್ದು ಬಂದರೆ ಕೊಯ್ಯುತ್ತದೆ. ಯಾವ ಮರಕ್ಕೆ ಗುರುತು ಅಂತ ತೀರ್ಮಾನಿಸುವವರು ಬೇರೆ. ಅವರೇ ಇ3 ಕಿಣ್ವಗಳು. ಗುರುತನ್ನು ಸಿದ್ಧಮಾಡುವ ಇ1 ನಮ್ಮಲ್ಲಿ ಎರಡು, ಹೊತ್ತು ತರುವ ಇ2 ಸುಮಾರು 40, ಎಲ್ಲಿ ಹಾಕಬೇಕು ಅಂತ ತೋರಿಸುವ ಇ3 ಮಾತ್ರ 600ಕ್ಕೂ ಹೆಚ್ಚು. ಇಷ್ಟೊಂದು ಯಾಕೆ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಮರ ಮಾತ್ರ ಗೊತ್ತು.

ಇದನ್ನು ಕಂಡುಹಿಡಿದದ್ದು ಇಸ್ರೇಲಿನ ಹೈಫಾದ ಟೆಕ್ನಿಯಾನ್‌ನಲ್ಲಿ ಅವ್ರಾಮ್ ಹರ್ಷ್ಕೊ, ಅವರ ವಿದ್ಯಾರ್ಥಿ ಆರನ್ ಚೆಹನೋವರ್, ಜೊತೆಗೆ ಅಮೆರಿಕದ ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದ ಅರ್ವಿನ್ ರೋಸ್. ಅವರನ್ನು ಕಾಡಿದ ಪ್ರಶ್ನೆ ತುಂಬ ಸರಳ. ಗೋಡೆ ಕಟ್ಟಲು ಶಕ್ತಿ ಬೇಕು ಸರಿ, ಕೆಡವಲು ಯಾಕೆ? ಊಟ ಜೀರ್ಣವಾಗಲು ಹೊಟ್ಟೆಯ ಕಿಣ್ವಕ್ಕೆ ಎಟಿಪಿ (ಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು) ಬೇಕಿಲ್ಲ. ಕೋಶದೊಳಗೆ ಮಾತ್ರ ಎಟಿಪಿ ಇಲ್ಲದಿದ್ದರೆ ಪ್ರೋಟೀನ್ ಚೂರಾಗುವುದೇ ಇಲ್ಲ. ಅವರು ಮೊಲದ ಎಳೆ ಕೆಂಪು ರಕ್ತಕಣಗಳ ರಸ ತೆಗೆದು ಎರಡು ಪಾಲು ಮಾಡಿದರು. ಒಂದೊಂದೇ ಇಟ್ಟರೆ ಕೆಲಸ ಆಗಲಿಲ್ಲ, ಸೇರಿಸಿದರೆ ಆಯಿತು. ಮೊದಲ ಪಾಲಿನ ತುಂಬ ಹೀಮೋಗ್ಲೋಬಿನ್ ಇತ್ತು, ಬೇಕಾದದ್ದು ಅದರೊಳಗೆ ಎಲ್ಲೋ ಅಡಗಿತ್ತು. ಅವರು ಅದನ್ನು ಬಿಸಿಗೆ ಇಟ್ಟರು! ಹಾಲು ಒಡೆದಂತೆ ಹೀಮೋಗ್ಲೋಬಿನ್ ಎಲ್ಲ ಗರಣೆಗಟ್ಟಿ ತಳಕ್ಕೆ ಕೂತಿತು. ಮೇಲೆ ಉಳಿದ ತಿಳಿಯಲ್ಲಿ ಬೇಕಾದ ವಸ್ತು ಹಾಗೇ ಇತ್ತು, ಕೆಲಸವನ್ನೂ ಮಾಡಿತು. ಅದೇ ಯುಬಿಕ್ವಿಟಿನ್ ಅಂತ 1980ರಲ್ಲಿ ಖಚಿತವಾಯಿತು. ಎಟಿಪಿ ಖರ್ಚಾಗುವುದು ಗುರುತು ಹಾಕುವುದಕ್ಕೆ, ಆಮೇಲೆ ಪ್ರೋಟೀನನ್ನು ಬಿಡಿಸಿ ಸಾಮಿಲ್‌ನೊಳಗೆ ತಳ್ಳುವುದಕ್ಕೆ. ಸುಮ್ನೆ ಏನೇನೋ ಚೂರಾಗಬಾರದಲ್ಲ, ಅದಕ್ಕೆ ಕೋಶ ಕೊಡುವ ಬೆಲೆ ಅದು. ಈ ಮೂವರಿಗೆ 2004ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು.

ಕ್ಯಾನ್ಸರಿಗೆ ಇದರ ನಂಟು ಎರಡು ಕಡೆಯಿಂದ. ಉಳಿಯಬೇಕಾದ ಮರಕ್ಕೆ ಗುರುತು ಬೀಳಬಹುದು, ಇಲ್ಲವೇ ಹೋಗಬೇಕಾದದ್ದಕ್ಕೆ ಬೀಳದೇ ಹೋಗಬಹುದು. ಎರಡನೆಯದಕ್ಕೆ ಒಂದು ಉದಾಹರಣೆ ಮೂತ್ರಪಿಂಡದ ಕ್ಯಾನ್ಸರ್. ಆಮ್ಲಜನಕ ಕಡಿಮೆಯಾದಾಗ ಮಾತ್ರ ಇರಬೇಕಾದ ಹಿಫ್ ಅನ್ನುವ ಪ್ರೋಟೀನಿಗೆ ಉಳಿದ ಹೊತ್ತೆಲ್ಲ ವಿಎಚ್‌ಎಲ್ ಅನ್ನುವ ಇನ್ನೊಂದು ಪ್ರೋಟೀನ್ ಗುರುತು ಹಾಕಿಸುತ್ತದೆ. ವಿಎಚ್‌ಎಲ್ ಕೆಟ್ಟರೆ ಹಿಫ್ ಉಳಿದುಬಿಡುತ್ತದೆ. ಉಸಿರು ಕಟ್ಟಿದ ಹಾಗೆ ಕೋಶ ಹೊಸ ರಕ್ತನಾಳಗಳನ್ನು ಕರೆಸುತ್ತಲೇ ಇರುತ್ತದೆ. 2019ರ ವೈದ್ಯಕೀಯ ನೊಬೆಲ್ ಬಂದದ್ದು ಈ ಕತೆಯನ್ನು ಬಿಡಿಸಿದವರಿಗೆ.

ಪ್ರಶ್ನೆ: ನಮ್ಮ ಅಪ್ಪನಿಗೆ 66 ವರ್ಷ, ಮೈಲೋಮ ಅಂತ ಗೊತ್ತಾಗಿ ಮೂರು ತಿಂಗಳಾಯಿತು. ವಾರಕ್ಕೊಮ್ಮೆ ಹೊಟ್ಟೆಯ ಮೇಲೆ ಬೋರ್ಟೆಜೊಮಿಬ್ ಇಂಜೆಕ್ಷನ್ ಕೊಡುತ್ತಾರೆ. ಅದು ಕೋಶದ ಕಸ ವಿಲೇವಾರಿ ನಿಲ್ಲಿಸುವ ಔಷಧ ಅಂತ ಡಾಕ್ಟರ್ ಹೇಳಿದರು. ಇಡೀ ಮೈಯಲ್ಲಿ ಕಸ ನಿಂತರೆ ಅಪ್ಪನಿಗೇ ತೊಂದರೆ ಅಲ್ವಾ? ಎರಡು ವಾರದಿಂದ ಪಾದ ಜೋಮು ಹಿಡಿದಂತೆ ಇದೆ. "ಡಾಕ್ಟರಿಗೆ ಹೇಳಬೇಡ, ಇಂಜೆಕ್ಷನ್ ನಿಲ್ಲಿಸಿಬಿಡ್ತಾರೆ" ಅನ್ನುತ್ತಾರೆ. (ಮಗಳು, ದಾವಣಗೆರೆ)

ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ದಯವಿಟ್ಟು ಹೇಳಿ. ಮುಂದಿನ ಇಂಜೆಕ್ಷನ್ ದಿನದ ತನಕ ಕಾಯಬೇಡಿ, ಇವತ್ತೇ ಫೋನ್ ಮಾಡಿ. ಈ ಔಷಧದಿಂದ ಕೈಕಾಲಿನ ನರಗಳಿಗೆ ತೊಂದರೆ ಆಗುವುದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಬೇಗ ಹೇಳಿದರೆ ಡೋಸ್ ಇಳಿಸಬಹುದು, ಅಂತರ ಹೆಚ್ಚಿಸಬಹುದು, ಬೇಕಾದರೆ ಬೇರೆ ಔಷಧಕ್ಕೆ ಹೋಗಬಹುದು. ತಡಮಾಡಿದಷ್ಟೂ ನರ ಸುಧಾರಿಸುವುದು ಕಷ್ಟ.

ನಮ್ಮ ದೊಡ್ಡಪ್ಪನಿಗೂ ಇದೇ ಇಂಜೆಕ್ಷನ್ ಆಗುತ್ತಿತ್ತು. ಅವರೂ ಒಂದು ತಿಂಗಳು ಮುಚ್ಚಿಟ್ಟರು. ಒಂದು ಸಂಜೆ ಗೇಟಿನಿಂದ ಜಗಲಿಯ ತನಕ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ನಡೆದು ಬಂದರು. ಇನ್ನೊಂದು ಗೇಟಿನ ಹತ್ತಿರ ಕಳಚಿ ಬಿದ್ದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಅಂಗಳದ ಜಲ್ಲಿಕಲ್ಲು ಚುಚ್ಚಿ ಹೆಬ್ಬೆರಳ ಕೆಳಗೆ ರಕ್ತ ಬರುತ್ತಿತ್ತು, ಅದನ್ನು ತೋರಿಸಿದ್ದು ದೊಡ್ಡಮ್ಮ. ಮಾರನೇ ದಿನವೇ ಆಸ್ಪತ್ರೆಗೆ ಹೋದೆವು. ಡೋಸ್ ಇಳಿಸಿದರು, ಚಿಕಿತ್ಸೆ ನಿಲ್ಲಲಿಲ್ಲ. ನಿಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿ. ಅಲ್ಲಿಯವರೆಗೆ ರಾತ್ರಿ ಮಲಗುವ ಮುಂಚೆ ಅವರ ಅಂಗಾಲು ನೀವೇ ನೋಡಿ, ಸ್ನಾನದ ನೀರಿನ ಬಿಸಿಯನ್ನೂ ನಿಮ್ಮ ಕೈಯಿಂದಲೇ ನೋಡಿ. ಇನ್ನೊಂದು ಮಾತು, ಈ ಔಷಧ ತೆಗೆದುಕೊಳ್ಳುವಾಗ ಸರ್ಪಸುತ್ತು ಏಳುವ ಸಾಧ್ಯತೆ ಹೆಚ್ಚು. ಅದನ್ನು ತಡೆಯುವ ಮಾತ್ರೆ ಕೊಟ್ಟಿದ್ದರೆ ತಪ್ಪಿಸಬೇಡಿ, ಕೊಟ್ಟಿಲ್ಲದಿದ್ದರೆ ಕೇಳಿ.

ಈಗ ಕಸದ ಪ್ರಶ್ನೆ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಈ ಔಷಧ ಶುರುವಾದಾಗ ಎಷ್ಟೋ ವಿಜ್ಞಾನಿಗಳಿಗೂ ಅದೇ ಭಯ ಇತ್ತು. ಎಲ್ಲ ಕೋಶಕ್ಕೂ ಬೇಕಾದ ಸಾಮಿಲ್‌ಗೇ ಬೀಗ ಹಾಕಿದರೆ ಮನುಷ್ಯ ಉಳಿಯುತ್ತಾನಾ ಅಂತ. ಅಸಲಿಗೆ ಇದನ್ನು ಹುಡುಕಲು ಹೊರಟದ್ದೇ ಬೇರೆ ಕಾರಣಕ್ಕೆ. ಹಾರ್ವರ್ಡ್‌ನ ಆಲ್‌ಫ್ರೆಡ್ ಗೋಲ್ಡ್‌ಬರ್ಗ್ ಕಾಯಿಲೆಯವರ ಸ್ನಾಯು ಕರಗುವುದನ್ನು ತಡೆಯಬೇಕು ಅಂತ ಪ್ರೋಟಿಯಾಸೋಮ್ ತಡೆಯುವ ವಸ್ತುಗಳನ್ನು ಹುಡುಕಿಸಿದರು. ಸ್ನಾಯುವಿಗೆ ಅದು ಔಷಧ ಆಗಲಿಲ್ಲ. ಮೈಲೋಮಕ್ಕೆ ಆಯಿತು. ಬೋರಾನ್ ಇರುವ ಈ ಬೋರ್ಟೆಜೊಮಿಬ್‌ಗೆ 2003ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಪ್ರೋಟಿಯಾಸೋಮ್ ತಡೆಯುವ ಔಷಧಗಳಲ್ಲಿ ಅದೇ ಮೊದಲನೆಯದು. ಆಮೇಲೆ ಕಾರ್ಫಿಲ್ಜೊಮಿಬ್ ಬಂತು, ಬಾಯಿಂದ ತೆಗೆದುಕೊಳ್ಳುವ ಇಕ್ಸಾಜೊಮಿಬ್ ಬಂತು.

ಮೈಲೋಮದ ಕೋಶವೇ ಯಾಕೆ ಮೊದಲು ಸಾಯುತ್ತದೆ? ಮದುವೆ ಮನೆಯ ಪಂಕ್ತಿ ನೆನೆಸಿಕೊಳ್ಳಿ. ನಮ್ಮ ನಿಮ್ಮ ಮನೆಯಲ್ಲಿ ನಾಲ್ಕು ತಟ್ಟೆ ಒಂದು ಹೊತ್ತು ತೊಳೆಯದೆ ಇದ್ದರೂ ನಡೆಯುತ್ತದೆ. ಮದುವೆ ಮನೆಯಲ್ಲಿ ಒಂದು ಪಂಕ್ತಿಯ ಎಲೆ ಎತ್ತದಿದ್ದರೆ ಮುಂದಿನ ಪಂಕ್ತಿ ಕೂರುವ ಹಾಗೇ ಇಲ್ಲ. ಇತ್ತ ಒಲೆ ಮೇಲೆ ಅನ್ನ ಬೇಯುತ್ತಲೇ ಇರುತ್ತದೆ, ಅತ್ತ ಜನ ಬರುತ್ತಲೇ ಇರುತ್ತಾರೆ, ಒಂದು ಗಂಟೆಯಲ್ಲಿ ಇಡೀ ಛತ್ರ ಗಲಿಬಿಲಿ. ಮೈಲೋಮ ಬರುವುದು ಪ್ಲಾಸ್ಮಾ ಕೋಶಗಳಲ್ಲಿ. ಪ್ರತಿಕಾಯ ಅನ್ನುವ ಪ್ರೋಟೀನ್ ತಯಾರಿಸುವುದು ಅವುಗಳ ಕೆಲಸ, ಒಂದೊಂದು ಕೋಶ ಸೆಕೆಂಡಿಗೆ ಸಾವಿರಾರು ಅಣು ತಯಾರಿಸುತ್ತದೆ. ಅಷ್ಟು ತಯಾರಿಸುವಾಗ ಸರಿಯಾಗಿ ಮಡಚಿಕೊಳ್ಳದೆ ಕೆಟ್ಟದ್ದೂ ರಾಶಿ ಬೀಳುತ್ತದೆ. ಸಾಮಿಲ್ ಸ್ವಲ್ಪ ಹೊತ್ತು ನಿಂತರೂ ಆ ಕೋಶ ಉಸಿರುಕಟ್ಟಿ ಸಾಯುತ್ತದೆ. ಬೇರೆ ಕೋಶಗಳು ತಡೆದುಕೊಳ್ಳುತ್ತವೆ.

ಬೀಗವೂ ಶಾಶ್ವತವಲ್ಲ. ಔಷಧ ಅಂಟಿಕೊಳ್ಳುತ್ತದೆ, ಆಮೇಲೆ ಬಿಡುತ್ತದೆ. ಎರಡು ಡೋಸ್‌ಗಳ ನಡುವೆ ಕನಿಷ್ಠ 72 ಗಂಟೆ ಇರಬೇಕು ಅನ್ನುವುದು ಅದಕ್ಕೇ, ಒಳ್ಳೆಯ ಕೋಶಗಳು ಚೇತರಿಸಿಕೊಳ್ಳಲಿ ಅಂತ. ಮೊದಲು ಇದನ್ನು ರಕ್ತನಾಳಕ್ಕೆ ಕೊಡುತ್ತಿದ್ದರು. ಚರ್ಮದ ಕೆಳಗೆ ಕೊಟ್ಟರೆ ಪರಿಣಾಮ ಅಷ್ಟೇ, ಜೋಮು ಕಡಿಮೆ ಅಂತ 2011ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಗೊತ್ತಾಯಿತು. ನಿಮ್ಮ ಅಪ್ಪನಿಗೆ ಹೊಟ್ಟೆಯ ಮೇಲೆ ಕೊಡುವುದು ಅದರಿಂದಲೇ.

ಪ್ರಶ್ನೆ: ಬೋರ್ಟೆಜೊಮಿಬ್ ಆಗುತ್ತಿರುವ ನನ್ನ ತಂಗಿಗೆ ಶಕ್ತಿ ಬರಲಿ ಅಂತ ದಿನಾ ಗ್ರೀನ್ ಟೀ, ವಿಟಮಿನ್ ಸಿ ಮಾತ್ರೆ ಕೊಡುತ್ತಿದ್ದೇನೆ. ತೊಂದರೆ ಇಲ್ಲ ತಾನೆ? (ಶಿರಸಿ)

ಎರಡನ್ನೂ ಸದ್ಯಕ್ಕೆ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಅನ್ನುವ ವಸ್ತು ಬೋರ್ಟೆಜೊಮಿಬ್‌ನ ಬೋರಾನ್ ಭಾಗಕ್ಕೇ ಅಂಟಿಕೊಂಡು ಔಷಧವನ್ನು ನಿಷ್ಪ್ರಯೋಜಕ ಮಾಡುತ್ತದೆ ಅಂತ 2009ರಲ್ಲಿ ಕೋಶಗಳಲ್ಲಿ, ಸುಂಡಿಲಿಗಳಲ್ಲಿ ಕಂಡುಬಂತು. ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ಬಗ್ಗೆಯೂ ಅಂಥದೇ ಫಲಿತಾಂಶ ಇದೆ. ಊಟದ ಜೊತೆಗಿನ ನಿಂಬೆಹಣ್ಣು, ನೆಲ್ಲಿಕಾಯಿ ಚಟ್ನಿಗೆ ಹೆದರಬೇಡಿ. ಮಾತ್ರೆ, ಸಾರ, ಪುಡಿ ಅಂತ ಬರುವವುಗಳ ಮಾತು ಇದು.

ಪ್ರಶ್ನೆ: ಅಮ್ಮನ ಮೈಲೋಮಕ್ಕೆ ಲೆನಾಲಿಡೊಮೈಡ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರೆ. ಹುಡುಕಿ ನೋಡಿದರೆ ಇದು ಥಾಲಿಡೊಮೈಡ್ ಜಾತಿಯದ್ದು, ಹಿಂದೆ ಕೈಕಾಲಿಲ್ಲದ ಮಕ್ಕಳು ಹುಟ್ಟಿದ್ದು ಅದರಿಂದಲೇ ಅಂತ ಇದೆ. ಇಂಥದ್ದನ್ನು ಯಾಕೆ ಕೊಡುತ್ತಾರೆ? ಮನೆಯಲ್ಲಿ ನನ್ನ ಹೆಂಡತಿ ಐದು ತಿಂಗಳ ಗರ್ಭಿಣಿ. (ಹಾಸನ)

ನೀವು ಓದಿದ್ದು ನಿಜ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ನಿದ್ದೆ ಮಾತ್ರೆಯಾಗಿ ಬಂತು. ಬಸುರಿಯರ ವಾಕರಿಕೆಗೂ ಕೊಟ್ಟರು. 1961ರ ನವೆಂಬರ್‌ನಲ್ಲಿ ಅಲ್ಲಿ ಅದನ್ನು ವಾಪಸ್ ಪಡೆಯುವ ಹೊತ್ತಿಗೆ ತಡವಾಗಿತ್ತು. ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಅನ್ನುವ ಅಧಿಕಾರಿ ಸಾಕ್ಷ್ಯ ಸಾಲದು ಅಂತ ಹಟ ಹಿಡಿದು ಅನುಮತಿ ಕೊಡದೆ ಇದ್ದುದರಿಂದ ಅಲ್ಲಿ ಎಷ್ಟೋ ಮಕ್ಕಳು ಉಳಿದವು. ಆ ಹೆಣ್ಣುಮಗಳ ಹೆಸರು ನಮ್ಮ ಶಾಲೆಗಳಲ್ಲೂ ಗೊತ್ತಿರಬೇಕು ಅಂತ ನನಗೆ ಆಸೆ.

ಔಷಧದ ಕತೆ ಅಲ್ಲಿಗೆ ಮುಗಿಯಲಿಲ್ಲ. 1964ರಲ್ಲಿ ಜೆರುಸಲೇಮಿನ ಡಾಕ್ಟರ್ ಜೇಕಬ್ ಶೆಸ್ಕಿನ್, ಕುಷ್ಠರೋಗದ ಉರಿ ಗಂಟುಗಳಿಂದ ನಿದ್ದೆಯಿಲ್ಲದೆ ನರಳುವವರಿಗೆ ಇದನ್ನು ಕೊಟ್ಟದ್ದು ನಿದ್ದೆ ಬರಲಿ ಅಂತ. ಗಂಟುಗಳೇ ಇಳಿದವು. 1999ರಲ್ಲಿ ಅಮೆರಿಕದ ಅರ್ಕಾನ್ಸಾದಲ್ಲಿ ಬೇರೆ ಯಾವ ಔಷಧಕ್ಕೂ ಬಗ್ಗದ 84 ಮೈಲೋಮ ರೋಗಿಗಳಿಗೆ ಕೊಟ್ಟಾಗ ಸುಮಾರು ಮೂರನೇ ಒಂದು ಭಾಗದವರಲ್ಲಿ ಕಾಯಿಲೆ ಇಳಿಯಿತು. ಯಾಕೆ ಅಂತ ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು 2010ರಲ್ಲಿ, ಟೋಕಿಯೋದಲ್ಲಿ. ಹಿರೋಷಿ ಹಂಡಾ, ತಕುಮಿ ಇಟೊ ಮತ್ತು ಅವರ ಗುಂಪು ಪುಟ್ಟ ಪುಟ್ಟ ಮಣಿಗಳಿಗೆ ಥಾಲಿಡೊಮೈಡ್ ಅಂಟಿಸಿ ಕೋಶದ ರಸದಲ್ಲಿ ಅದ್ದಿದರು, ಗಾಳಕ್ಕೆ ಎರೆಹುಳು ಸಿಕ್ಕಿಸಿದ ಹಾಗೆ. ಅದಕ್ಕೆ ಕಚ್ಚಿಕೊಂಡು ಬಂದದ್ದು ಸೆರೆಬ್ಲಾನ್ ಅನ್ನುವ ಪ್ರೋಟೀನ್. ಅದು ಯಾರು ಗೊತ್ತಾ? ಮೊದಲ ಉತ್ತರದಲ್ಲಿ ಹೇಳಿದೆನಲ್ಲ, ಯಾವ ಮರಕ್ಕೆ ಗುರುತು ಅಂತ ತೋರಿಸುವ ಇ3, ಅದರದೇ ಒಂದು ಭಾಗ. ಔಷಧ ಅದಕ್ಕೆ ಅಂಟಿದಾಗ ಅದು ಸುಮ್ಮನಾಗುವುದಿಲ್ಲ. ಅದರ ಕಣ್ಣಿಗೆ ಬೇರೆ ಮರ ಕಾಣತೊಡಗುತ್ತದೆ. ಮೊದಲು ಗುರುತು ಹಾಕದ ಪ್ರೋಟೀನುಗಳಿಗೆ ಹಾಕಲು ಶುರುಮಾಡುತ್ತದೆ. 2014ರಲ್ಲಿ ಗೊತ್ತಾದ ಪ್ರಕಾರ ಲೆನಾಲಿಡೊಮೈಡ್ ಕೊಟ್ಟಾಗ ಇಕರೋಸ್, ಐಯೊಲೋಸ್ ಅನ್ನುವ ಎರಡು ಪ್ರೋಟೀನ್ ಚೂರಾಗುತ್ತವೆ, ಮೈಲೋಮ ಕೋಶ ನಿಂತಿರುವುದೇ ಅವುಗಳ ಮೇಲೆ. ನಿಮ್ಮ ಅಮ್ಮನಿಗೆ ಆಗುವ ಉಪಕಾರ ಇದು. 2018ರಲ್ಲಿ ಇನ್ನೊಂದು ತುದಿಯೂ ಸಿಕ್ಕಿತು. ಭ್ರೂಣದ ಕೈಕಾಲು ಮೂಡಲು ಬೇಕಾದ ಸಾಲ್4 ಅನ್ನುವ ಪ್ರೋಟೀನಿಗೂ ಇದೇ ಗುರುತು ಬೀಳುತ್ತದೆ. ಆ ಮಕ್ಕಳಿಗೆ ಆದ ಅನ್ಯಾಯಕ್ಕೂ ಈಗಿನ ಚಿಕಿತ್ಸೆಗೂ ಒಂದೇ ಬಾಗಿಲು. ಸುಂಡಿಲಿಯ ಸೆರೆಬ್ಲಾನ್‌ನಲ್ಲಿ ಮುಖ್ಯವಾದ ಒಂದು ಜಾಗದಲ್ಲಿ ಅಮೈನೋ ಆಮ್ಲ ಬೇರೆ. ಅದಕ್ಕೇ ಸುಂಡಿಲಿಗಳಲ್ಲಿ ಈ ತೊಂದರೆ ಕಾಣುವುದಿಲ್ಲ. ಈ ವಿಷಯ ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟಿದ್ದೆ.

ನಿಮ್ಮ ಮನೆಯ ವಿಷಯಕ್ಕೆ ಬರೋಣ. ಅಮ್ಮ ತೆಗೆದುಕೊಂಡರೆ ಹೆಂಡತಿಗೆ ಅಪಾಯ ಇಲ್ಲ, ಒಂದೇ ಮನೆಯಲ್ಲಿ ಇರಬಹುದು. ಆದರೆ ಕ್ಯಾಪ್ಸೂಲನ್ನು ನಿಮ್ಮ ಹೆಂಡತಿ ಮುಟ್ಟುವುದು ಬೇಡ. ಮುಖ್ಯವಾಗಿ ಒಡೆದದ್ದನ್ನು. ಯಾರೂ ಅದನ್ನು ಬಿಚ್ಚಿ ಪುಡಿ ಮಾಡಬಾರದು. ಬೀಗ ಇರುವ ಡಬ್ಬದಲ್ಲಿ ಇಟ್ಟು ನೀವೇ ಕೊಡಿ. ಉಳಿದದ್ದನ್ನು ಆಸ್ಪತ್ರೆಗೆ ವಾಪಸ್ ಮಾಡಿ, ಬೇರೆ ಯಾರಿಗೂ ಕೊಡಬೇಡಿ. ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚಾಗುವುದರಿಂದ ಅಮ್ಮನಿಗೆ ಆಸ್ಪಿರಿನ್‌ನಂಥದ್ದು ಕೊಡುತ್ತಾರೆ. ಒಂದೇ ಕಾಲು ಊದಿದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಏಕಾದಶಿ ಉಪವಾಸ ಮಾಡಿದರೆ ಜೀವಕೋಶ ಕ್ಯಾನ್ಸರನ್ನು ತಾನೇ ತಿಂದುಹಾಕುತ್ತದೆ, ಅದಕ್ಕೆ ಜಪಾನಿನವರಿಗೆ ನೊಬೆಲ್ ಬಂದಿದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಕೀಮೋ ನಡೆಯುತ್ತಿರುವ ನಮ್ಮ ಅತ್ತೆ ಉಪವಾಸ ಶುರುಮಾಡಿದ್ದಾರೆ. (ಮೈಸೂರು)

ಯೋಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ನಿಜ. ಅವರು ಕೆಲಸ ಮಾಡಿದ್ದು ಯೀಸ್ಟ್ ಮೇಲೆ, ಕೋಶ ತನ್ನದೇ ಭಾಗಗಳನ್ನು ಚೀಲದಲ್ಲಿ ಸುತ್ತಿ ಕರಗಿಸುವ ಆಟೊಫೇಜಿ ಅನ್ನುವ ದಾರಿಯ ಬಗ್ಗೆ. ಇದು ಯುಬಿಕ್ವಿಟಿನ್, ಪ್ರೋಟಿಯಾಸೋಮ್ ದಾರಿಯಿಂದ ಬೇರೆ. ಉಪವಾಸದಿಂದ ಮನುಷ್ಯರ ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ಆ ಕೆಲಸದಲ್ಲಿ ಎಲ್ಲೂ ಇಲ್ಲ. ಬೆಳೆದ ಗಡ್ಡೆಯ ಕೋಶಗಳು ಹಸಿವಿನಲ್ಲಿ ಬದುಕಿ ಉಳಿಯಲು ಇದೇ ಆಟೊಫೇಜಿಯನ್ನು ಬಳಸಿಕೊಳ್ಳುವುದೂ ಉಂಟು. ಕೀಮೋ ಸಮಯದಲ್ಲಿ ತೂಕ ಇಳಿದರೆ, ಸ್ನಾಯು ಕರಗಿದರೆ ಚಿಕಿತ್ಸೆ ತಡೆದುಕೊಳ್ಳುವುದೇ ಕಷ್ಟ. ನಿಮ್ಮ ಅತ್ತೆಯ ಭಕ್ತಿಗೆ ನಾನು ಅಡ್ಡ ಬರುವುದಿಲ್ಲ. ಕಾಯಿಲೆಯವರಿಗೆ ಉಪವಾಸದ ಕಟ್ಟಳೆ ಇಲ್ಲ ಅಂತ ಹಿರಿಯರೇ ಹೇಳುತ್ತಾರಲ್ಲ, ಅವರು ನಂಬುವ ಪುರೋಹಿತರಿಂದಲೇ ಆ ಮಾತು ಹೇಳಿಸಿ. ನಿಮ್ಮ ಮಾತಿಗಿಂತ ಅದು ಬೇಗ ನಾಟುತ್ತದೆ.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿ ಅಂತ ಪೋಷಕರಿಗೆ ಹೇಳುತ್ತೇನೆ. ಒಂದು ವೈರಸ್ ಕ್ಯಾನ್ಸರ್ ತರುವುದು ಹೇಗೆ ಅಂತ ಕೇಳಿದರೆ ಉತ್ತರ ಗೊತ್ತಿಲ್ಲ. ಲಸಿಕೆಯಲ್ಲೇ ಆ ವೈರಸ್ ಇರುತ್ತದಾ? (ಕಲಬುರಗಿ)

ನೀವು ಮಾಡುತ್ತಿರುವುದು ದೊಡ್ಡ ಕೆಲಸ, ಮೇಡಂ. ಉತ್ತರ ಇದೇ ಕೆಂಪು ಗುರುತಿನಲ್ಲಿದೆ.

ಪಿ53 ನೆನಪಿದೆಯಾ? ಡಿಎನ್‌ಎಗೆ ಪೆಟ್ಟು ಬಿದ್ದ ಕೋಶವನ್ನು ಅದು ತಡೆದು ನಿಲ್ಲಿಸುತ್ತದೆ. ರಿಪೇರಿ ಆಗದಿದ್ದರೆ ಸಾಯಿಸುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53ರ ಜೀನೇ ಕೆಟ್ಟಿರುತ್ತದೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಮಾತ್ರ ಸಾಮಾನ್ಯವಾಗಿ ಜೀನ್ ಚೆನ್ನಾಗಿಯೇ ಇರುತ್ತದೆ, ಪ್ರೋಟೀನೇ ಇರುವುದಿಲ್ಲ. ಎಲ್ಲಿ ಹೋಯಿತು? ಎಚ್‌ಪಿವಿ ತನ್ನ ಇ6 ಅನ್ನುವ ಪ್ರೋಟೀನನ್ನು (ಇದು ನಮ್ಮ ಇ1, ಇ2, ಇ3ಗಳ ಸಾಲಿನದ್ದಲ್ಲ) ಕಳಿಸುತ್ತದೆ. ಅದು ನಮ್ಮದೇ ಕೋಶದ ಒಂದು ಇ3 ಕಿಣ್ವದ ಕೈಹಿಡಿದು ಪಿ53 ಹತ್ತಿರ ಕರೆದುಕೊಂಡು ಹೋಗುತ್ತದೆ. ಆ ಕಿಣ್ವ ತಾನಾಗಿ ಪಿ53ಗೆ ಗುರುತು ಹಾಕುವುದಿಲ್ಲ. ವೈರಸ್ ಹಾಕಿಸುತ್ತದೆ. ಊರ ಮುಂದಿನ ಅರಳಿಮರಕ್ಕೆ ಯಾರೋ ಹೊರಗಿನವರು ಬಂದು ನಮ್ಮ ಊರಿನ ನೌಕರನ ಕೈಯಲ್ಲೇ ಕೆಂಪು ಬಣ್ಣ ಬಳಿಸಿದ ಹಾಗೆ. 1990ರಲ್ಲಿ, ಆಮೇಲೆ 1993ರಲ್ಲಿ ಪೀಟರ್ ಹೌಲಿ ಅವರ ಲ್ಯಾಬ್‌ನಲ್ಲಿ ಇದು ಗೊತ್ತಾಯಿತು. ಎಚ್‌ಪಿವಿಗೂ ಈ ಕ್ಯಾನ್ಸರಿಗೂ ನಂಟಿದೆ ಅಂತ ಮೊದಲೇ ತೋರಿಸಿದ್ದ ಜರ್ಮನಿಯ ಹೆರಾಲ್ಡ್ ಟ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

ನಾನು ಲ್ಯಾಬ್‌ನಲ್ಲಿ ಕಲಿಯುತ್ತಿದ್ದಾಗ ಇದನ್ನು ಕಣ್ಣಾರೆ ನೋಡಿದ್ದೇನೆ. ಹೀಲಾ ಕೋಶಗಳು ಅಂತ ಇವೆ, ಎಚ್‌ಪಿವಿ 18 ಇರುವ ಗರ್ಭಕಂಠದ ಗಡ್ಡೆಯಿಂದ ಬಂದವು. ಅವುಗಳ ಪ್ರೋಟೀನನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿ ಪಿ53 ಹುಡುಕಿದರೆ ಮೊದಲ ಸಾಲಿನಲ್ಲಿ ಏನೂ ಇಲ್ಲ ಅನ್ನುವಷ್ಟು ಮಸುಕು. ಪಕ್ಕದ ಸಾಲಿನಲ್ಲಿ ಅದೇ ಕೋಶ, ಆದರೆ ಪ್ರೋಟಿಯಾಸೋಮ್ ತಡೆಯುವ ವಸ್ತು ಹಾಕಿ ಐದು ಗಂಟೆ ಬಿಟ್ಟದ್ದು. ಅಲ್ಲಿ ಕಪ್ಪಗೆ, ದಪ್ಪಗೆ ಒಂದು ಗೆರೆ. ಕೋಶ ಅಷ್ಟೂ ಹೊತ್ತು ಪಿ53 ತಯಾರಿಸುತ್ತಲೇ ಇತ್ತು, ವೈರಸ್ ಅದನ್ನು ಸಾಮಿಲ್‌ಗೆ ಕಳಿಸುತ್ತಲೇ ಇತ್ತು. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಒದ್ದೆ ಫಿಲ್ಮ್ ಹಿಡಿದು ಆ ಗೆರೆ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಲಸಿಕೆಯಲ್ಲಿ ವೈರಸ್ ಇಲ್ಲ. ಅದರ ಹೊರಚಿಪ್ಪಿನ ಪ್ರೋಟೀನ್ ಮಾತ್ರ, ಖಾಲಿ ಕೊಬ್ಬರಿ ಗಿಟುಕಿನಂತೆ. ಒಳಗೆ ಡಿಎನ್‌ಎ ಇಲ್ಲ, ಇ6 ಇಲ್ಲ. ಹಾಗಾಗಿ ಅದರಿಂದ ಕ್ಯಾನ್ಸರ್ ಬರುವ ದಾರಿಯೇ ಇಲ್ಲ. ಗರ್ಭಕಂಠದ ಕ್ಯಾನ್ಸರಿನಲ್ಲಿ ಸುಮಾರು ಶೇ 70ರಷ್ಟಕ್ಕೆ ಕಾರಣ 16 ಮತ್ತು 18 ಅನ್ನುವ ಎರಡು ಬಗೆ, ಲಸಿಕೆ ಎರಡನ್ನೂ ತಡೆಯುತ್ತದೆ. 9ರಿಂದ 14ರ ವಯಸ್ಸು ಒಳ್ಳೆಯದು, ವೈರಸ್ ಒಳಗೆ ಬರುವ ಮುಂಚೆ ಹಾಕಬೇಕಲ್ಲ. ಪುಣೆಯಲ್ಲಿ ತಯಾರಾಗುವ ನಮ್ಮ ದೇಶದ್ದೇ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದೆ. ಮಕ್ಕಳ ತಾಯಂದಿರಿಗೂ ಒಂದು ಮಾತು ಹೇಳಿ. 30 ದಾಟಿದವರು ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಬೇಕು, ನಾಚಿಕೊಂಡು ಮುಂದಕ್ಕೆ ಹಾಕಬಾರದು.

ಪ್ರಶ್ನೆ: ಎಂ.ಎಸ್‌ಸಿ. ಪ್ರಾಜೆಕ್ಟ್‌ನಲ್ಲಿ ಯುಬಿಕ್ವಿಟಿನ್ ಬ್ಲಾಟ್ ಮಾಡುತ್ತಿದ್ದೇನೆ. ನಾಲ್ಕು ಸಲ ಮಾಡಿದರೂ ಏಣಿ ಕಾಣುತ್ತಿಲ್ಲ. ಪ್ರೊಟ್ಯಾಕ್ ಔಷಧಗಳ ಮೇಲೆ ಪಿಎಚ್‌ಡಿ ಮಾಡಬೇಕು ಅಂತ ಆಸೆ ಇತ್ತು, ಈಗ ಧೈರ್ಯ ಹೋಗಿದೆ. (ಬೆಂಗಳೂರು)

ಉಳಿದ ಓದುಗರಿಗೆ ಒಂದು ಮಾತು. ಬ್ಲಾಟ್ ಅಂದರೆ ಜೆಲ್‌ನಲ್ಲಿ ಬೇರ್ಪಟ್ಟ ಪ್ರೋಟೀನುಗಳಲ್ಲಿ ಬೇಕಾದದ್ದನ್ನು ಹುಡುಕುವ ಪರೀಕ್ಷೆ. ಒಂದು ಪ್ರೋಟೀನಿಗೆ ಒಂದು, ಎರಡು, ಮೂರು ಅಂತ ಯುಬಿಕ್ವಿಟಿನ್ ಸೇರಿದಷ್ಟೂ ಅದರ ತೂಕ ಹೆಚ್ಚುತ್ತದೆ. ಜೆಲ್‌ನಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅದನ್ನೇ ಏಣಿ ಅನ್ನುವುದು. ಪ್ರೊಟ್ಯಾಕ್ ಅಂದರೆ ಎರಡು ತುದಿಯ ಔಷಧ. ಒಂದು ತುದಿ ಇ3 ಹಿಡಿದುಕೊಳ್ಳುತ್ತದೆ, ಇನ್ನೊಂದು ತುದಿ ಕ್ಯಾನ್ಸರಿನ ಪ್ರೋಟೀನನ್ನು. ಇಬ್ಬರನ್ನೂ ಪಕ್ಕಪಕ್ಕ ಕೂರಿಸಿದರೆ ಗುರುತು ಬೀಳುತ್ತದೆ. ಎಚ್‌ಪಿವಿ ಕೇಡಿಗೆ ಮಾಡಿದ್ದನ್ನೇ ಇಲ್ಲಿ ಒಳ್ಳೆಯದಕ್ಕೆ ಮಾಡುತ್ತಾರೆ. ಕ್ಯಾಥ್ಲೀನ್ ಸಕಮೊಟೊ, ಕ್ರೇಗ್ ಕ್ರ್ಯೂಸ್, ರೇಮಂಡ್ ಡೆಷೇಸ್ 2001ರಲ್ಲಿ ಇದನ್ನು ಮೊದಲು ತೋರಿಸಿದರು. 2019ರಲ್ಲಿ ರೋಗಿಗಳ ಮೇಲೆ ಪರೀಕ್ಷೆ ಶುರುವಾಯಿತು, ಪ್ರಾಸ್ಟೇಟ್ ಮತ್ತು ಸ್ತನ ಕ್ಯಾನ್ಸರಿನಲ್ಲಿ. ಒಂದು ಅಣು ಒಂದು ಪ್ರೋಟೀನನ್ನು ಕಳಿಸಿ ಮತ್ತೆ ಇನ್ನೊಂದಕ್ಕೆ ಹೋಗಬಲ್ಲದು ಅನ್ನುವುದು ಇದರ ಸೊಗಸು.

ಇನ್ನು ನಿಮಗೆ. ಕೋಶ ಒಡೆದ ಕ್ಷಣದಿಂದ ಗುರುತು ಅಳಿಸುವ ಕಿಣ್ವಗಳು ಕೆಲಸ ಶುರುಮಾಡುತ್ತವೆ. ನಮ್ಮಲ್ಲಿ ಅಂಥವು ಸುಮಾರು 100 ಇವೆ. ನೀವು ಸ್ಯಾಂಪಲ್ ಹಿಡಿದು ಸೆಂಟ್ರಿಫ್ಯೂಜ್ ಖಾಲಿಯಾಗಲಿ ಅಂತ ಕಾಯುವಷ್ಟರಲ್ಲಿ ಏಣಿಯ ಮೆಟ್ಟಿಲೆಲ್ಲ ಕಿತ್ತುಹೋಗಿರುತ್ತವೆ. ನೀವು ಬರೆದುಕೊಟ್ಟ ಬಫರ್ ಪಟ್ಟಿಯಲ್ಲಿ ಎನ್-ಇಥೈಲ್ ಮಲಿಮೈಡ್ ಇಲ್ಲ. ನನಗೆ ಕಾಣುವ ತಪ್ಪು ಅದು. ಆ ಕಿಣ್ವಗಳನ್ನು ಕಟ್ಟಿಹಾಕುವುದು ಅದೇ. ನೀರಿನಲ್ಲಿ ಬೇಗ ಕೆಡುತ್ತದೆ, ಹಾಗಾಗಿ ಅವತ್ತವತ್ತೇ ಎಥನಾಲ್‌ನಲ್ಲಿ ಕರಗಿಸಿ, ಕೋಶ ಒಡೆಯುವ ಸ್ವಲ್ಪ ಮುಂಚೆ ಬಫರಿಗೆ ಹಾಕಿ. ಅದೇ ಬಫರಿಗೆ ಡಿಟಿಟಿ ಹಾಕಬೇಡಿ, ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ. ಕೈಗೆ ಗ್ಲೌಸ್ ಇರಲಿ, ಎನ್-ಇಥೈಲ್ ಮಲಿಮೈಡ್ ವಿಷ. ಕೋಶ ತೆಗೆಯುವ ಮುಂಚೆ ಪ್ರೋಟಿಯಾಸೋಮ್ ತಡೆಯುವ ಎಂಜಿ132 ಹಾಕಿ ನಾಲ್ಕರಿಂದ ಆರು ಗಂಟೆ ಬಿಡಿ, ಇಡೀ ರಾತ್ರಿ ಬಿಟ್ಟರೆ ಕೋಶವೇ ಸಾಯತೊಡಗುತ್ತದೆ. ಆಮೇಲೆ ಎಲ್ಲವೂ ಐಸ್ ಮೇಲೆ. ನಾಲ್ಕು ಸಲ ಅಂದಿರಿ, ನನಗೆ ಮೊದಲ ಏಣಿ ಕಂಡದ್ದು ಒಂಬತ್ತನೇ ಸಲ. ಐದನೆಯದನ್ನು ಹೀಗೆ ಮಾಡಿ, ಮಸುಕಾಗಿ ಬಂದರೂ ಪರವಾಗಿಲ್ಲ, ಫೋಟೋ ಕಳಿಸಿ.